ವಿಲಂಬಿತ ಖಯಾಲ್‌ನ ಒಂದು ತಟ್ಟೆ: ಲಯ, ಆಧಾರಶ್ರುತಿ, ರಾಗಭಾವ

ಮೊಬೈಲಿನಲ್ಲಿ ಹಾಡು ಕೇಳುವವರಿಗೆ ಈಗ ಹಾಡಿನ ಜೊತೆಗೆ ಮೂರು ವಿವರಗಳೂ ಸಿಗುತ್ತವೆ. ನಿಮಿಷಕ್ಕೆ ಎಷ್ಟು ಬಡಿತ, ಯಾವ ಶ್ರುತಿ, ಯಾವ ಭಾವ. ಸಿನಿಮಾ ಹಾಡಿಗೆ ಇವು ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತವೆ. ಆದರೆ ಹಿಂದೂಸ್ತಾನಿ ವಿಲಂಬಿತ ಖಯಾಲ್‌ನ ಧ್ವನಿಮುದ್ರಿಕೆಯೊಂದನ್ನು ಇದೇ ಯಂತ್ರಕ್ಕೆ ಕೊಟ್ಟು ನೋಡಿ. ಬಡಿತದ ಲೆಕ್ಕ ನಾಲ್ಕು ಪಟ್ಟು ತಪ್ಪಬಹುದು, ಹಾಡುಗಾರರು ಇಟ್ಟುಕೊಂಡ ಷಡ್ಜ ಬಿಟ್ಟು ಬೇರೆ ಸ್ವರವೇ ಶ್ರುತಿ ಎಂದು ಬರಬಹುದು. ಭಾವದ ಜಾಗದಲ್ಲಿ ‘ಶಾಂತ’ ಎಂದಿರಬಹುದು, ಕೇಳಿದವರಿಗೆ ಮಾತ್ರ ಹೊಟ್ಟೆಯಲ್ಲಿ ತಳಮಳ. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಈ ಸಂಗೀತದಲ್ಲಿ ಮೂರೂ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ, ಒಂದೊಂದೂ ತನ್ನ ಹಿಂದೆ ನಿಂತ ಇನ್ನೊಂದರ ಆಸರೆಯಲ್ಲಿ ಇರುತ್ತದೆ. ಅದು ಹೇಗೆಂದು ನೋಡಲು ಒಂದು ಗ್ರಾಮಫೋನ್ ತಟ್ಟೆಯನ್ನು ಕೈಗೆತ್ತಿಕೊಳ್ಳೋಣ.

ಒಂದು ಮಗ್ಗುಲು ಮಾರವಾ, ಇನ್ನೊಂದು ಮಗ್ಗುಲು ದರಬಾರಿ

ಉಸ್ತಾದ್ ಅಮೀರ್ ಖಾನ್ (1912–1974) ಇಂದೋರಿನವರು. 1960ರ ಸುಮಾರಿಗೆ ಎಚ್‌ಎಂವಿ ಸಂಸ್ಥೆ ಅವರ ಎಲ್‌ಪಿ ತಟ್ಟೆಯೊಂದನ್ನು ಹೊರತಂದಿತು. ಅದರ ಒಂದು ಮಗ್ಗುಲಲ್ಲಿ ಮಾರವಾ, ಇನ್ನೊಂದರಲ್ಲಿ ದರಬಾರಿ. ಮಾರವಾದ ಮಗ್ಗುಲು ಇಪ್ಪತ್ತು ನಿಮಿಷ ದಾಟುತ್ತದೆ: ಮೊದಲು ಝೂಮ್ರಾ ತಾಳದಲ್ಲಿ ನಿಧಾನದ ಬಡಾ ಖಯಾಲ್, ಕೊನೆಗೆ ತೀನ್‌ತಾಲ್‌ನಲ್ಲಿ ದ್ರುತ್. ಖಯಾಲ್ ಕೇಳುವ ಮನೆಗಳಲ್ಲಿ ಇಂದಿಗೂ ಮಾರವಾ ಎಂದರೆ ಮೊದಲು ನೆನಪಾಗುವುದು ಈ ತಟ್ಟೆಯೇ.

ಅಮೀರ್ ಖಾನರದು ತಗ್ಗಿನ, ದಪ್ಪ ದನಿ. ಸಭೆಯನ್ನು ಮೆಚ್ಚಿಸಬೇಕೆಂಬ ಅವಸರ ಅದರಲ್ಲಿಲ್ಲ. ತಬಲಾದವರಿಂದ ಅವರು ಬಯಸುತ್ತಿದ್ದುದು ನೇರವಾದ ಠೇಕಾ (ತಾಳದ ಗೊತ್ತಾದ ಪೆಟ್ಟುಗಳ ಸಾಲು) ಮಾತ್ರ, ನಡುನಡುವೆ ಚಮತ್ಕಾರ ಬೇಡ. ಸ್ವರವಿಸ್ತಾರಕ್ಕೆ ಅವರು ಮೇರುಖಂಡ ಪದ್ಧತಿಯನ್ನು ಬಳಸುತ್ತಿದ್ದರು. ಕೆಲವೇ ಸ್ವರಗಳನ್ನು ಕ್ರಮ ಬದಲಿಸಿ ಬದಲಿಸಿ ಜೋಡಿಸುವ ಲೆಕ್ಕಾಚಾರ ಅದು. ನಾಲ್ಕು ಸ್ವರಗಳಿಗೆ 24 ಕ್ರಮ, ಏಳಕ್ಕೆ 5040. ಅವರ ಹಾಡಿಕೆ ಕೇಳುವಾಗ ಈ ಗಣಿತ ಕಿವಿಗೆ ಬೀಳುವುದಿಲ್ಲ. ಯಾರೋ ಒಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ, ಸರಿಯಾದ ಪದಕ್ಕಾಗಿ ತಡಕಾಡುತ್ತ ಹೇಳುತ್ತಿದ್ದಾರೆ ಅನ್ನಿಸುತ್ತದೆ.

ಲಯ: ಎಲ್ಲಿಂದ ಎಣಿಸಬೇಕು?

ಹಿಂದೂಸ್ತಾನಿಯಲ್ಲಿ ಲಯಕ್ಕೆ ಸ್ಥೂಲವಾಗಿ ಮೂರು ಹೆಸರು: ವಿಲಂಬಿತ, ಮಧ್ಯ, ದ್ರುತ್. ವಿಲಂಬಿತಕ್ಕಿಂತಲೂ ನಿಧಾನವಾದದ್ದು ಅತಿ ವಿಲಂಬಿತ. ಅತಿ ವಿಲಂಬಿತದಲ್ಲಿ ತಾಳದ ಒಂದು ಎಣಿಕೆಯಾದ ಮಾತ್ರೆಗೆ ಮೂರು ನಾಲ್ಕು ಸೆಕೆಂಡು ಹಿಡಿಯುವುದು ಸಾಮಾನ್ಯ. ಅಂದರೆ ನಿಮಿಷಕ್ಕೆ ಹದಿನೈದು, ಇಪ್ಪತ್ತು ಮಾತ್ರೆ. ಪಾಶ್ಚಾತ್ಯ ಸಂಗೀತಗಾರರ ಹಳೆಯ ಮೆಟ್ರೊನೋಮ್‌ನ ಅಂಕಿಗಳು ಸಾಮಾನ್ಯವಾಗಿ 40ರಿಂದ ಶುರುವಾಗುತ್ತವೆ. ನಮ್ಮ ವಿಲಂಬಿತ ಆ ಪಟ್ಟಿಯ ಬುಡಕ್ಕಿಂತ ಬಹಳ ಕೆಳಗೆ ಉಳಿಯುತ್ತದೆ.

ಇಷ್ಟು ದೂರದ ಎರಡು ಬಡಿತಗಳನ್ನು ಮನುಷ್ಯನ ಮನಸ್ಸು ಒಂದೇ ಲಯವಾಗಿ ಹಿಡಿದಿಟ್ಟುಕೊಳ್ಳಲಾರದು. ಎರಡು ತಟ್ಟುಗಳ ನಡುವೆ ಸುಮಾರು ಎರಡು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ಮುಂದಿನ ತಟ್ಟು ಯಾವಾಗ ಬರುತ್ತದೆಂಬ ಅಂದಾಜು ನಮಗೆ ತಪ್ಪುತ್ತದೆ. ಗಡಿಯಾರ ನೋಡದೆ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಲು ಪ್ರಯತ್ನಿಸಿದರೆ ಇದು ಗೊತ್ತಾಗುತ್ತದೆ. ತಬಲಾ ಬೇಕಾಗುವುದು ಅದಕ್ಕೇ. ತಬಲಾದವರು ಒಂದು ಮಾತ್ರೆಯ ಒಳಗೆ ನಾಲ್ಕು ಸಣ್ಣ ಎಣಿಕೆಗಳನ್ನು ಇಟ್ಟು, ‘ತಿರಕಿಟ’ದಂಥ ಬೋಲ್‌ಗಳಿಂದ ಆ ಬಯಲನ್ನು ತುಂಬುತ್ತಾರೆ. ಹಾಡುಗಾರರು ನಡೆಯುವುದು ಆ ಸಣ್ಣ ಎಣಿಕೆಯ ಮೇಲೆ, ನೋಡುತ್ತಿರುವುದು ದೊಡ್ಡ ಮಾತ್ರೆಯ ಕಡೆ. ಯಂತ್ರ ಎಣಿಸುವುದು ಸಣ್ಣ ಪೆಟ್ಟುಗಳನ್ನು, ಹಾಗಾಗಿ ಅದಕ್ಕೆ ಈ ಹಾಡು ನಿಮಿಷಕ್ಕೆ ಅರವತ್ತು ಎಪ್ಪತ್ತರ ನಡಿಗೆಯಂತೆ ಕಾಣುತ್ತದೆ. ಕರ್ನಾಟಕ ಸಂಗೀತ ಕಲಿತವರು ಇದನ್ನು ‘ನಾಲ್ಕು ಕಳೆ’ಯ ಪಲ್ಲವಿಗೆ ಹೋಲಿಸಿಕೊಳ್ಳಬಹುದು: ಆದಿತಾಳದ ಎಂಟು ಎಣಿಕೆ ನಾಲ್ಕು ಕಳೆಯಲ್ಲಿ ಮೂವತ್ತೆರಡಾಗುವಂತೆ.

ಝೂಮ್ರಾಕ್ಕೆ ಹದಿನಾಲ್ಕು ಮಾತ್ರೆ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಅದರ ಭಾಗಗಳು. ಎಂಟನೆಯ ಮಾತ್ರೆ ಖಾಲಿ. ಅಲ್ಲಿ ಎಡಗೈಯ ಬಾಯಾದ ಗುಂಗು ನಿಂತು ‘ಧಿನ್’ ಇದ್ದ ಜಾಗಕ್ಕೆ ‘ತಿನ್’ ಬರುತ್ತದೆ. ಕೆಳಗಿನ ದನಿ ಒಮ್ಮೆಲೇ ಬರಿದಾದಾಗ, ಅರ್ಧ ದಾರಿ ಮುಗಿಯಿತು ಎಂದು ಕೇಳುಗನಿಗೆ ತಿಳಿಯುತ್ತದೆ. ಮಾತ್ರೆಗೆ ನಾಲ್ಕು ಸೆಕೆಂಡಿನಂತೆ ಲೆಕ್ಕ ಹಾಕಿದರೆ ಒಂದು ಆವರ್ತನಕ್ಕೆ ಐವತ್ತಾರು ಸೆಕೆಂಡು, ಹೆಚ್ಚು ಕಡಿಮೆ ಒಂದು ನಿಮಿಷ. ಈ ಒಂದು ನಿಮಿಷದಲ್ಲಿ ನಿಶ್ಚಯವಾಗಿ ಬಂದೇ ಬರುವ ಕ್ಷಣ ಒಂದೇ. ಅದು ಮೊದಲ ಮಾತ್ರೆ, ಸಮ್. ಹಾಡುಗಾರರು ತಾಳವನ್ನು ಮರೆತೇ ಬಿಟ್ಟವರಂತೆ ಸ್ವರಗಳಲ್ಲಿ ಅಡ್ಡಾಡುತ್ತಿರುತ್ತಾರೆ. ಹನ್ನೆರಡನೆಯ ಮಾತ್ರೆಯ ಹೊತ್ತಿಗೆ ಬಂದಿಶ್‌ನ ಆರಂಭದ ತುಣುಕಾದ ಮುಖಡಾ ದನಿಯಲ್ಲಿ ಮೂಡುತ್ತದೆ, ಸಭೆಯಲ್ಲಿ ಕೂತವರ ಬೆನ್ನು ನೆಟ್ಟಗಾಗುತ್ತದೆ, ಮಾತು ಮತ್ತು ಪೆಟ್ಟು ಒಂದೇ ಬಿಂದುವಿನಲ್ಲಿ ಇಳಿಯುತ್ತವೆ. ಎಲ್ಲರ ಬಾಯಲ್ಲೂ ‘ಆಹಾ’.

ಆದ್ದರಿಂದ ವಿಲಂಬಿತದ ನಿಧಾನವನ್ನು ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಅಳೆಯುವುದರಲ್ಲಿ ಅರ್ಥವಿಲ್ಲ. ಅದನ್ನು ಸಮ್‌ನಿಂದ ಸಮ್‌ಗೆ ಅಳೆಯಬೇಕು.

ತಟ್ಟೆ ಎಷ್ಟು ಉದ್ದವೋ ಹಾಡು ಅಷ್ಟು ನಿಧಾನ

ಖಯಾಲ್ ಮೊದಲಿನಿಂದಲೂ ಇಷ್ಟು ನಿಧಾನವಾಗಿರಲಿಲ್ಲ. ಅದನ್ನು ಈ ಮಟ್ಟಿಗೆ ಹಿಗ್ಗಿಸಿದವರಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಹೆಸರು ಮುಖ್ಯ. ಅವರು 1949ರಲ್ಲಿ ತೀರಿಕೊಂಡರು. ಅವರ ಹಾಡಿಕೆಯ ಮುದ್ರಣಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಅಮೀರ್ ಖಾನರ ವಿಲಂಬಿತದ ಮೇಲೆ ಅವರ ಪ್ರಭಾವ ದೊಡ್ಡದು.

ಇದೇ ಘರಾಣೆಯ ಇನ್ನೊಬ್ಬ ಹಿರಿಯರು ಅಬ್ದುಲ್ ಕರೀಂ ಖಾನರು (1872–1937). ಅವರ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ, ಆದರೆ ಅವೆಲ್ಲ 78 ಸುತ್ತಿನ ತಟ್ಟೆಗಳು. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಆ ಅವಧಿಯಲ್ಲಿ ಅತಿ ವಿಲಂಬಿತ ಝೂಮ್ರಾದ ಮೂರು ಆವರ್ತನ ಹಿಡಿದರೆ ಹೆಚ್ಚು. ಹಾಗಾಗಿ ಆ ಕಾಲದ ಗವಾಯಿಗಳು ತಟ್ಟೆಗಾಗಿ ಲಯ ಏರಿಸಿದರು, ಆಲಾಪ ಮೊಟಕು ಮಾಡಿದರು, ತಾನ್‌ಗಳನ್ನು ಒತ್ತೊತ್ತಾಗಿ ಜೋಡಿಸಿದರು. ಕರೀಂ ಖಾನರ ಆ ಮೂರು ನಿಮಿಷಗಳು ಅಪರೂಪದ ಸೊಗಸಿನವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬೈಠಕ್‌ನಲ್ಲಿ ಇದೇ ವೇಗದಲ್ಲಿ ಹಾಡುತ್ತಿದ್ದರೆಂದು ಆ ತಟ್ಟೆ ಕೇಳಿ ತೀರ್ಮಾನಿಸಿದರೆ ಮೋಸ ಹೋಗುತ್ತೇವೆ.

ಎಲ್‌ಪಿ ತಟ್ಟೆ ಬಂದದ್ದು 1948ರಲ್ಲಿ, ಅಮೆರಿಕದಲ್ಲಿ. ಭಾರತದ ಶಾಸ್ತ್ರೀಯ ಸಂಗೀತಕ್ಕೆ ಅದರ ಲಾಭ ದಕ್ಕಿದ್ದು ಹಲವು ವರ್ಷಗಳ ನಂತರ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಿದ ಮೇಲೆಯೇ ಆವರ್ತನದ ಮೇಲೆ ಆವರ್ತನ ಕಟ್ಟುತ್ತ ಹೋಗುವ ಬಡಾ ಖಯಾಲ್‌ಗೆ ತಟ್ಟೆಯಲ್ಲಿ ಉಸಿರಾಡಲು ಜಾಗವಾಯಿತು. ರೇಡಿಯೊ ಈ ಜಾಗವನ್ನು ಅದಕ್ಕೂ ಮೊದಲೇ ಕೊಟ್ಟಿತ್ತು. ಧಾರವಾಡದ ಆಕಾಶವಾಣಿ ನಿಲಯ 1950ರ ಜನವರಿಯಲ್ಲಿ ಶುರುವಾಯಿತು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ತಬಲಾದ ಠೇಕಾ ಎಣಿಸಲು ಕಲಿತದ್ದು ರೇಡಿಯೊ ಮುಂದೆ ಕೂತೇ.

ಮೈಕ್ರೊಫೋನಿನ ಪಾಲೂ ಇಲ್ಲಿದೆ. ಅಮೀರ್ ಖಾನರು ಮಂದ್ರದಲ್ಲಿ ಹಾಡುವ ದನಿ ಕೆಲವೊಮ್ಮೆ ಪಕ್ಕದಲ್ಲಿ ಕೂತವರ ಜೊತೆಗಿನ ಮಾತಿನಷ್ಟೇ ಮೆಲ್ಲಗಿರುತ್ತದೆ. ದೊಡ್ಡ ಸಭೆಯ ಹಿಂದಿನ ಸಾಲಿಗೆ ಅದನ್ನು ಮುಟ್ಟಿಸುವುದು ಬರಿಯ ಗಂಟಲಿಗೆ ಸಾಧ್ಯವಿರಲಿಲ್ಲ.

ನಮ್ಮ ಕಡೆಯವರ ನಿಧಾನ

ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರಲ್ಲಿ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದ ಗಂಗೂಬಾಯಿಯವರ ವಿಲಂಬಿತದಲ್ಲಿ ಒಂದೇ ಸ್ವರದ ಮೇಲೆ ಊರಿ ನಿಲ್ಲುವ ಗಟ್ಟಿತನವಿದೆ. ಭೀಮಸೇನರ ವಿಲಂಬಿತ ಅಷ್ಟೇ ನಿಧಾನದಲ್ಲಿ ಹೊರಟರೂ ಒಳಗೆ ಬಿಗಿಯಾಗಿ ಎಳೆದ ಬಿಲ್ಲಿನಂತಿರುತ್ತದೆ. ಲಯ ಒಂದೇ ಇದ್ದರೂ ನಿಧಾನ ಒಂದೇ ಅಲ್ಲ.

ಮಲ್ಲಿಕಾರ್ಜುನ ಮನ್ಸೂರರ (1910–1992) ದಾರಿ ಬೇರೆ. ಅವರದು ಜೈಪುರ-ಅತ್ರೌಲಿ ಘರಾಣೆ. ಆ ಘರಾಣೆಯವರು ಅತಿ ವಿಲಂಬಿತಕ್ಕೆ ಹೋಗುವುದು ಅಪರೂಪ. ಮಾತ್ರೆಯ ಬಡಿತ ಕಿವಿಗೆ ನೇರವಾಗಿ ಸಿಗುವಷ್ಟು ನಡಿಗೆ ಇಟ್ಟುಕೊಂಡು, ಸ್ವರದ ಎಳೆಯನ್ನು ಆ ಬಡಿತಗಳ ಒಳಗಿಂದ ಹೆಣೆಯುತ್ತ ಸಾಗುತ್ತಾರೆ. ಮನ್ಸೂರರು ಹಾಡುವಾಗ ಸಮ್ ಎಲ್ಲಿಂದ ಬಂತೆಂದು ತಿಳಿಯುವಷ್ಟರಲ್ಲಿ ಮುಂದಿನ ಆವರ್ತನ ಶುರುವಾಗಿರುತ್ತದೆ. ನಿಧಾನವೇ ಗಂಭೀರ ಎಂದು ನಂಬಿದವರು ಅವರನ್ನು ಒಮ್ಮೆ ಕೇಳಬೇಕು.

ಆಧಾರಶ್ರುತಿ: ಹೆಸರಿಲ್ಲದ ಮನೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಎಷ್ಟೋ ಸಲ ಕೃತಿಯ ಶ್ರುತಿ ಕೃತಿಯ ಹೆಸರಿನಲ್ಲೇ ಇರುತ್ತದೆ. ಮೊಜಾರ್ಟ್‌ನ ಕೊನೆಯ ರಚನೆ ‘ರೆಕ್ವಿಯಂ’ ಡಿ ಮೈನರ್‌ನಲ್ಲಿದೆ. ಅದನ್ನು ಯಾವ ದೇಶದವರು ನುಡಿಸಿದರೂ ಡಿ ಮೈನರ್‌ನಲ್ಲೇ ನುಡಿಸುತ್ತಾರೆ. ನಮ್ಮಲ್ಲಿ ಮಾರವಾ ರಾಗಕ್ಕೆ ಅಂಥ ಯಾವ ಶ್ರುತಿಯೂ ಇಲ್ಲ. ಹಾಡುವವರ ಗಂಟಲು ಎಲ್ಲಿ ಸಲೀಸಾಗಿ ಮೂರು ಸ್ಥಾಯಿ ಮುಟ್ಟುತ್ತದೋ ಅಲ್ಲೇ ಷಡ್ಜ. ಹಿಂದೂಸ್ತಾನಿಯ ಗಂಡಸರು ಹೆಚ್ಚಾಗಿ ಹಾರ್ಮೋನಿಯಂನ ಕಪ್ಪು ಒಂದು, ಬಿಳಿ ಎರಡು, ಇವುಗಳ ಆಸುಪಾಸು ಹಾಡುತ್ತಾರೆ. ಹೆಂಗಸರ ಷಡ್ಜ ಕಪ್ಪು ನಾಲ್ಕು ಐದರ ಕಡೆ. ದಕ್ಷಿಣದವರು ಇದನ್ನೇ ಒಂದೂವರೆ ಮನೆ, ಐದೂವರೆ ಮನೆ ಅನ್ನುತ್ತಾರೆ. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯೊಂದರ ನಂತರ ತಗ್ಗಿ ಗಡುಸಾಯಿತು, ಅದರೊಂದಿಗೆ ಅವರ ಷಡ್ಜವೂ ಕೆಳಗಿಳಿಯಿತು. ಅವರ ರಾಗಗಳು ಮಾತ್ರ ಮೊದಲಿನವೇ.

ಹಾಗಾದರೆ ಶ್ರುತಿಗೆ ಬೆಲೆಯಿಲ್ಲವೇ? ಇದೆ, ಪೂರ್ತಿ ಇದೆ. ಅದು ಸ್ವರದ ಎತ್ತರದಲ್ಲಿಲ್ಲ, ತಂಬೂರಿಯಲ್ಲಿದೆ. ತಂಬೂರಿಯ ನಾಲ್ಕು ತಂತಿಗಳಲ್ಲಿ ಸಾಮಾನ್ಯವಾಗಿ ಒಂದು ಪಂಚಮಕ್ಕೆ, ನಡುವಿನ ಎರಡು ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಸರಿಸಿ ಜವಾರಿ ಹಿಡಿದರೆ ಒಂದೊಂದು ತಂತಿಯಿಂದಲೂ ಹತ್ತಾರು ಉಪಸ್ವರಗಳು ಹೊಗೆಯಂತೆ ಏಳುತ್ತವೆ. ಹಾಡುವ ಪ್ರತಿಯೊಂದು ಸ್ವರವೂ ಈ ಹಿನ್ನೆಲೆಯ ಎದುರಿಗೆ ನಿಂತೇ ತನ್ನ ಬಣ್ಣ ಪಡೆಯುತ್ತದೆ. ರಾಗದಲ್ಲಿ ಪಂಚಮವೇ ಇಲ್ಲದಿದ್ದರೆ ಮೊದಲ ತಂತಿಯನ್ನು ಬೇರೆ ಸ್ವರಕ್ಕೆ ತಿರುಗಿಸಬೇಕು. ಮಾಲಕಂಸಕ್ಕೆ ಮಧ್ಯಮ, ಮಾರವಾಕ್ಕೆ ನಿಷಾದ ಅಥವಾ ಧೈವತ.

ಹಳೆಯ ತಟ್ಟೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 78 ಎಂದು ಕರೆದರೂ ಮೊದಲ ಕಾಲದ ಎಲ್ಲ ತಟ್ಟೆಗಳನ್ನೂ ಅದೇ ವೇಗದಲ್ಲಿ ಮುದ್ರಿಸುತ್ತಿರಲಿಲ್ಲ. ವೇಗ ಶೇಕಡ ಆರರಷ್ಟು ವ್ಯತ್ಯಾಸವಾದರೆ ಶ್ರುತಿ ಹೆಚ್ಚು ಕಡಿಮೆ ಅರ್ಧ ಸ್ವರ, ಅಂದರೆ ಹಾರ್ಮೋನಿಯಂನ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆ 73.6 ಸುತ್ತು ತಿರುಗಿದರೆ ಕಪ್ಪು ಒಂದರ ಷಡ್ಜ ಬಿಳಿ ಒಂದಕ್ಕೆ ಇಳಿಯುತ್ತದೆ, 3 ನಿಮಿಷ 10 ಸೆಕೆಂಡಿನ ಹಾಡು ಹನ್ನೊಂದು ಸೆಕೆಂಡು ಉದ್ದವಾಗುತ್ತದೆ. ಅಂದರೆ ಲಯ, ಶ್ರುತಿ ಎರಡೂ ಒಟ್ಟಿಗೇ ಜಾರುತ್ತವೆ. ಹಳೆಯ ಗವಾಯಿಗಳು ಇಂಥ ಎತ್ತರದಲ್ಲಿ ಹಾಡುತ್ತಿದ್ದರು ಎಂದು ತಟ್ಟೆ ಕೇಳಿ ಹೇಳುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು.

ಭಾವ: ನಿಧಾನವೆಲ್ಲ ಶಾಂತವಲ್ಲ

ಒಂದು ಹಾಡು ಸಂತೋಷದ್ದೋ ದುಃಖದ್ದೋ ಎಂದು ಪರಿಚಯವಿಲ್ಲದ ಕಿವಿಯೂ ಸ್ವಲ್ಪ ಮಟ್ಟಿಗೆ ಗುರುತಿಸಬಲ್ಲದು. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಹಿಂದೂಸ್ತಾನಿ ಸಂಗೀತದ ಅಭ್ಯಾಸವಿಲ್ಲದ ಪಾಶ್ಚಾತ್ಯ ಕೇಳುಗರಿಗೆ ಹನ್ನೆರಡು ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪಗಳನ್ನು ಅವರು ಗುರುತಿಸಿದರು, ಲಯದ ವೇಗವೂ ಅವರಿಗೆ ಸಿಕ್ಕ ಸುಳಿವುಗಳಲ್ಲೊಂದು. ಶಾಂತಿಯನ್ನು ಗುರುತಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ನನಗೆ ಇದು ಆಶ್ಚರ್ಯ ತರಲಿಲ್ಲ. ಒಂದೇ ನಿಧಾನದ ಒಳಗೆ ನೆಮ್ಮದಿಯೂ ಇರಬಹುದು, ಕಾಯುವಿಕೆಯೂ ಇರಬಹುದು. ಆ ವ್ಯತ್ಯಾಸ ಬಡಿತದಲ್ಲಿ ಕಾಣುವಂಥದ್ದಲ್ಲ.

ಅಮೀರ್ ಖಾನರ ತಟ್ಟೆಯ ಎರಡು ಮಗ್ಗುಲುಗಳೇ ಇದಕ್ಕೆ ಸಾಕ್ಷಿ. ದರಬಾರಿ ನಡುರಾತ್ರಿಯ ರಾಗ, ಮಂದ್ರದಲ್ಲೇ ಅದರ ವಾಸ. ಅದರ ಪೂರ್ತಿ ಹೆಸರಾದ ದರಬಾರಿ ಕಾನಡಾದಲ್ಲಿರುವ ‘ಕಾನಡಾ’ ಎಂಬ ಮಾತಿಗೆ ‘ಕರ್ನಾಟ’ವೇ ಮೂಲವೆಂದು ಸಂಗೀತಗಾರರ ಪರಂಪರೆ ಹೇಳುತ್ತದೆ. ರಾಗದ ಜೀವ ಅದರ ಕೋಮಲ ಗಾಂಧಾರದಲ್ಲಿದೆ. ಆ ಗಾಂಧಾರ ಒಂದೇ ಬಿಂದುವಲ್ಲ, ನಿಧಾನವಾಗಿ ತೂಗುವ ಆಂದೋಲನ. ಆ ತೂಗಾಟಕ್ಕೆ ಸಮಯ ಬೇಕು. ಲಯ ಏರಿಸಿದರೆ ಆಂದೋಲನ ನಡುಕವಾಗುತ್ತದೆ, ದರಬಾರಿ ತನ್ನ ಪಕ್ಕದ ರಾಗಗಳಲ್ಲೊಂದರ ಕಡೆಗೆ ಜಾರಿಬಿಡುತ್ತದೆ. ವಿಲಂಬಿತ ಇಲ್ಲಿ ರಾಗದ ಗುರುತಿನ ಭಾಗವೇ ಆಗಿದೆ.

ಮಾರವಾ ಸೂರ್ಯ ಮುಳುಗುವ ಹೊತ್ತಿನದು. ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ, ಪಂಚಮವಿಲ್ಲ. ಇವೇ ಸ್ವರಗಳಲ್ಲಿ ಪೂರಿಯಾ, ಸೋಹನಿ ರಾಗಗಳೂ ಇವೆ. ಕರ್ನಾಟಕ ಸಂಗೀತದಲ್ಲಿ ಹಂಸಾನಂದಿ ಈ ಬಳಗಕ್ಕೆ ಹತ್ತಿರ. ಪೂರಿಯಾ ಗಾಂಧಾರ ನಿಷಾದಗಳಲ್ಲಿ ನೆಲೆ ನಿಲ್ಲುತ್ತದೆ, ಸೋಹನಿ ತಾರಸ್ಥಾಯಿಯಲ್ಲಿ ಮಿನುಗುತ್ತದೆ. ಮಾರವಾ ನಿಲ್ಲುವುದು ಕೋಮಲ ರಿಷಭ ಮತ್ತು ಧೈವತದ ಮೇಲೆ. ಸಾಮಾನ್ಯವಾಗಿ ರಾಗದ ಇಂಥ ಎರಡು ಮುಖ್ಯ ಸ್ವರಗಳಾದ ವಾದಿ ಸಂವಾದಿಗಳ ನಡುವೆ ಷಡ್ಜ-ಮಧ್ಯಮ ಅಥವಾ ಷಡ್ಜ-ಪಂಚಮದ ಸಂಬಂಧವಿರುತ್ತದೆ, ಇಲ್ಲಿ ಅದೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಾಡುಗಾರರು ಷಡ್ಜವನ್ನೇ ತಪ್ಪಿಸಿ ಹಾಡುತ್ತಾರೆ. ಕೆಳಗಿನ ನಿಷಾದದಿಂದ ಹೊರಟ ದನಿ ಷಡ್ಜವನ್ನು ದಾಟಿ ಕೋಮಲ ರಿಷಭಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ಷಡ್ಜ ಮುಟ್ಟದೆ ಧೈವತಕ್ಕೆ ಇಳಿಯುತ್ತದೆ. ತಂಬೂರಿ ಒಂದೇ ಸಮನೆ ಮನೆಗೆ ಕರೆಯುತ್ತಿದೆ, ದನಿ ಹೊಸ್ತಿಲವರೆಗೆ ಬಂದು ತಿರುಗಿ ಹೋಗುತ್ತಿದೆ. ಎಷ್ಟೋ ಹೊತ್ತಿನ ಮೇಲೆ ಷಡ್ಜ ಕೊನೆಗೂ ಬಂದಾಗ, ಕೇಳುತ್ತಿದ್ದ ನಾವು ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದೆವೆಂದು ಗೊತ್ತಾಗುತ್ತದೆ.

ಇಲ್ಲಿ ಸಮ್ ಸಿಗಲು ಸುಮಾರು ಒಂದು ನಿಮಿಷ ಕಾಯಬೇಕು, ಷಡ್ಜ ಸಿಗಲು ಇನ್ನೂ ಹೆಚ್ಚು. ಈ ಎರಡು ಕಾಯುವಿಕೆಗಳು ಒಂದರ ಮೇಲೊಂದು ಕೂತಾಗ ಹುಟ್ಟುವುದೇ ಮಾರವಾದ ಭಾವ. ಕೆಲವರು ಅದನ್ನು ವಿರಹ ಎನ್ನುತ್ತಾರೆ, ಕೆಲವರು ವೈರಾಗ್ಯ. ನನಗೆ ಅದು ದೀಪ ಹಚ್ಚುವ ಹೊತ್ತಿಗೂ ಮನೆಗೆ ಬಾರದವರ ದಾರಿ ನೋಡುವಂತೆ ಕೇಳಿಸುತ್ತದೆ.

ಹಾರ್ಮೋನಿಯಂ ಮುಂದೆ ಒಂದು ಪರೀಕ್ಷೆ

ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದವರು ಇದನ್ನು ಐದು ನಿಮಿಷದಲ್ಲಿ ಮಾಡಿ ನೋಡಬಹುದು. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು.

ತಂಬೂರಿಯ ಷಡ್ಜವನ್ನು ಕಪ್ಪು ಮೂರಕ್ಕೆ ಇಟ್ಟುಕೊಳ್ಳಿ. ಬಿಳಿ ಮನೆಗಳನ್ನು ಮುಟ್ಟದೆ ಐದು ಕಪ್ಪು ಮನೆಗಳ ಮೇಲಷ್ಟೇ ಕೈಯಾಡಿಸಿ. ಕೇಳಿಸುವುದು ಭೂಪ್, ನಮ್ಮ ಮೋಹನ. ಯಾವ ಸ್ವರದಲ್ಲಿ ನಿಂತರೂ ಹಿತ, ಎಲ್ಲೂ ತಕರಾರಿಲ್ಲ.

ಈಗ ಕೈಯನ್ನು ಅದೇ ಕಪ್ಪು ಮನೆಗಳ ಮೇಲೆ ಇಟ್ಟುಕೊಂಡೇ ತಂಬೂರಿಯ ಷಡ್ಜವನ್ನು ಮಾತ್ರ ಬಿಳಿ ಆರಕ್ಕೆ, ಅಂದರೆ ಕಪ್ಪು ನಾಲ್ಕು ಮತ್ತು ಐದರ ನಡುವಿನ ಬಿಳಿ ಮನೆಗೆ ಬದಲಿಸಿ. ಪಂಚಮದ ತಂತಿಯನ್ನು ನಿಷಾದಕ್ಕೆ ತಿರುಗಿಸಿ, ಆ್ಯಪ್‌ನಲ್ಲಿ ಆ ಸೌಕರ್ಯವಿಲ್ಲದಿದ್ದರೆ ಬರಿಯ ಷಡ್ಜವೊಂದೇ ಸಾಕು. ಕಪ್ಪು ಮೂರು ಈಗ ಧೈವತ. ಕಪ್ಪು ನಾಲ್ಕು ನಿಷಾದ. ಕಪ್ಪು ಐದು ಕೋಮಲ ರಿಷಭ. ಅದರಾಚೆಯ ಎರಡು ಗಾಂಧಾರ ಮತ್ತು ತೀವ್ರ ಮಧ್ಯಮ. ಷಡ್ಜ ಬಿಟ್ಟು ಮಾರವಾದ ಎಲ್ಲ ಸ್ವರಗಳೂ ಬೆರಳ ಕೆಳಗೆ ಇವೆ, ಒಂದು ಸ್ವರವೂ ಬದಲಾಗಿಲ್ಲ. ಬದಲಾದದ್ದು ಅದರ ಹಿಂದಿನ ದನಿ ಒಂದೇ. ತಂಬೂರಿಯನ್ನು ಲೆಕ್ಕಕ್ಕೆ ಹಿಡಿಯದೆ ಗಾಯಕನ ಸ್ವರಗಳನ್ನಷ್ಟೇ ಎಣಿಸುವ ಯಂತ್ರ, ಧೈವತವನ್ನೇ ಷಡ್ಜವೆಂದು ತಿಳಿದು ಮಾರವಾವನ್ನು ಸಂತೋಷದ ಮೇಜರ್ ಶ್ರುತಿಯೆಂದು ಬರೆದುಕೊಂಡರೆ ಅದಕ್ಕೆ ಕಾರಣ ಇದು.

ಕಪ್ಪು ನಾಲ್ಕರಿಂದ ಕಪ್ಪು ಐದಕ್ಕೆ ಹೋಗಿ, ಹಿಂದಿರುಗಿ ಕಪ್ಪು ಮೂರರ ಮೇಲೆ ನಿಲ್ಲಿ. ಅವಸರ ಮಾಡಬೇಡಿ, ಒಂದೊಂದು ಸ್ವರಕ್ಕೂ ನಾಲ್ಕು ಸೆಕೆಂಡು ಕೊಡಿ. ಹತ್ತಾರು ಸಲ ಹೀಗೆ ಹೋಗಿ ಬಂದ ಮೇಲೆ, ನಡುವಿನ ಆ ಬಿಳಿ ಮನೆಯನ್ನು ಒಮ್ಮೆ ಒತ್ತಿ.